ಕಂದಕದಿಂದ ಎಣಿಸಿದ್ದು

ಗುರಿಹಲಗೆಯ ಬುಡದಲ್ಲಿ, ಆಳೆತ್ತರದ ಕಂದಕದಲ್ಲಿ ನನ್ನ ಕೆಲಸ.
ಬಂದೂಕು ನನಗೆ ಕಾಣುವುದಿಲ್ಲ.
ಕಾಣುವುದು ಕಾಗದದ ಬೆನ್ನು,
ಅದರ ಮೇಲೆ ನಾರ್ವೆಯ ತುಂಡು ಆಕಾಶ,
ಗೋಡೆಗೆ ಜಡಿದ ಹಳೇ ಟೆಲಿಫೋನು, ಗೋಂದಿನ ಡಬ್ಬಿ.

ಫೋನಿನಲ್ಲಿ ಓಸ್ಮುಂಡನ ಗೊಗ್ಗರು ದನಿ:
"ಮುಂದೆ ಬೋರ್ಗ್‌ಹಿಲ್ಡ್. ಇನ್ನೂರು ಮೀಟರು.
ಒಂದು ನಿಮಿಷ. ಎಷ್ಟಾದರೆ ಅಷ್ಟು."
ರಿಸೀವರು ಕೆಳಗಿಡಲು ಮರೆಯುತ್ತಾನೆ, ಎಂದಿನ ಹಾಗೆ.

ಅವಳ ರೈಫಲ್ಲು ಅವಳಜ್ಜನಿಗಿಂತ ಹಿರಿದು.
ಒಂದು ಸಲಕ್ಕೆ ಒಂದೇ ತೋಟಾ.
ಆಡಿದ್ದನ್ನು ಉಗುಳಿ, ಬಾಯಿ ತೆರೆದು,
ಮತ್ತೊಂದು ತುತ್ತು ಬೀಳುವ ತನಕ ಮೌನ.
ಥೇಟು ಅವಳ ಹಾಗೇ ಎನ್ನುತ್ತಾರೆ ಊರವರು.
ಅವರು ಅವಳ ಪಕ್ಕ ಕೂತು ಉಂಡವರಲ್ಲ.

ಗಂಟೆ.

ಧಡ್—
ಹೆಬ್ಬೆರಳ ಉಗುರಿನಷ್ಟು ಬೆಳಕು
ಕಾಗದದ ನಡುವೆ ತಟ್ಟನೆ ಹುಟ್ಟುತ್ತದೆ.
ಹೊಸ ಬಂದೂಕುಗಳಲ್ಲಿ ಗುಂಡು ಮೊದಲು, ಸದ್ದು ಹಿಂದೆ.
ಇದರ ಗುಂಡು ನಿಧಾನದ್ದು,
ಸದ್ದಿನ ಕೈಹಿಡಿದೇ ಬರುತ್ತದೆ,
ನುಡಿಯೂ ನಡೆಯೂ ಒಟ್ಟಿಗೆ.

ಈಗ ಅಲ್ಲಿ, ನಾ ಕಾಣದಲ್ಲಿ,
ಹೆಬ್ಬೆರಳಿಂದ ಕುದುರೆ ಹಿಂದಕ್ಕೆ,
ಅದೇ ಬೆರಳಿಂದ ಕದ ಹಿಂದಕ್ಕೆ,
ಸುಡುವ ಹಿತ್ತಾಳೆ ಹುಲ್ಲಿಗೆ, ಹೊಸದು ಒಳಕ್ಕೆ,
ಕದ ಮುಂದಕ್ಕೆ, ಅರ್ಧ ಉಸಿರು—
ಧಡ್.
ಮತ್ತೆ ಕುದುರೆ, ಕದ, ಹಿತ್ತಾಳೆ, ಕದ—
ಧಡ್.

ಮೂವತ್ತೊಂದು ವರ್ಷ ಮೀನಿನ ಕಾರ್ಖಾನೆ.
ಬೆರಳುದ್ದದ ಬೆಳ್ಳಿ ಮೀನು
ತಲೆ ಬಾಲ, ತಲೆ ಬಾಲ, ಟಿನ್ನಿನೊಳಗೆ.
ಟಿನ್ನಿಗಿಷ್ಟು ಎಂದು ಕೂಲಿ.
"ನೋಡಿ ಇಟ್ಟವಳಿಗೆ ಗಂಜಿ, ನೋಡದೆ ಇಟ್ಟವಳಿಗೆ ಬೆಣ್ಣೆ"
ಎಂದಿದ್ದಳು ಒಮ್ಮೆ.
ಕಾರ್ಖಾನೆ ಮುಚ್ಚಿತು. ಕೈ ಮುಚ್ಚಲಿಲ್ಲ,
ಮೇಜಿನ ಮೇಲೆ, ಮಡಿಲಲ್ಲಿ, ಚರ್ಚಿನ ಬೆಂಚಿನಲ್ಲೂ
ಇಲ್ಲದ ಮೀನು ಜೋಡಿಸುತ್ತಲೇ ಇತ್ತು.
ಆ ಚಳಿಗಾಲ ಅಟ್ಟ ಹತ್ತಿ ಈ ರೈಫಲ್ಲು ಇಳಿಸಿದಳಂತೆ.

ಧಡ್. ಧಡ್.
ಐದು ಕಣ್ಣು ಕಾಗದಕ್ಕೆ, ಎಲ್ಲ ಒಂದು ಅಂಗೈಯಗಲದಲ್ಲಿ.

ಆಮೇಲೆ ಇಲ್ಲ.
ಗಾಳಿ ಸತ್ತಿದೆ. ಕಡಲಹಕ್ಕಿ ರೆಕ್ಕೆ ಬಡಿದೇ ಹಾರಬೇಕಾಗಿದೆ.
ಕರಿಮದ್ದಿನ ಹೊಗೆ ಅವಳ ಮುಂದೆ
ಬಿಳೀ ಹಸುವಿನಂತೆ ಅಡ್ಡ ಮಲಗಿರಬೇಕು.
ಏಳೇ, ಎನ್ನುತ್ತೇನೆ ಹಸುವಿಗೆ.
ಧಡ್. ಚೌಕಟ್ಟಿನ ಸಿಬಿರು ನನ್ನ ಕತ್ತಿನ ಮೇಲೆ;
ಕಾಗದದ ಅಂಚು ಹರಿದಿದೆ, ಲೆಕ್ಕಕ್ಕೆ ಬಂತು.
ಧಡ್. ಇದು ನಡುವಿನಲ್ಲೇ.
ಕಣ್ಣು ಕಂಡದ್ದಲ್ಲ. ಕೈ ನೆನಪಿಟ್ಟದ್ದು.

ಮತ್ತೆ ಇಲ್ಲ.
ಈ ಸಲ ಹೊಗೆಯಲ್ಲ. ಜೋತುಬಿದ್ದ ಫೋನಿನೊಳಗೆ
ಲೋಹದ ಮೇಲೆ ಚಾಕು ಕೆರೆಯುವ ಸದ್ದು:
ಉಬ್ಬಿದ ಹಿತ್ತಾಳೆ ಹೊರಬರಲೊಲ್ಲದು.
ಒಂದು ಬೈಗುಳ, ನನಗೆ ಹೊಸದು.
ನಾಲ್ಕು. ಏಳು. ಹತ್ತು ಸೆಕೆಂಡು.
ನನ್ನ ಹೆಬ್ಬೆರಳು ತಾನಾಗಿ
ಗೋಂದಿನ ಡಬ್ಬಿಯ ಮುಚ್ಚಳ ಎಬ್ಬುತ್ತಿದೆ.

ಧಡ್.
ಗಂಟೆ.

"ಎಷ್ಟು?" ಓಸ್ಮುಂಡ್ ಕೇಳುತ್ತಾನೆ.
"ಎಂಟು."
"ಒಂಬತ್ತು ಅನ್ನುತ್ತಿದ್ದಾಳೆ."
"ಎಂಟು."

ಬಾವುಟ ಏರಿದ ಮೇಲೆ ತಾನೇ ನಡೆದು ಬಂದಳು,
ಮುಖದ ಅರ್ಧ ಮಸಿ.
ಕಂದಕಕ್ಕೆ ಇಳಿದು, ಕನ್ನಡಕ ಹಣೆಗೇರಿಸಿ,
ತೂತು ತೂತಿಗೂ ಕಿರುಬೆರಳು ತೂರಿ ಎಣಿಸಿದಳು.
ಎರಡು ಸಲ. ಮೂರನೆಯ ಸಲ ನಡುವೆ ನಿಂತು
ತನ್ನ ಎಡಗೈಯನ್ನೇ ನೋಡಿಕೊಂಡಳು.
ಮುಷ್ಟಿ ಬಿಚ್ಚಿದರೆ ಒಳಗೆ ಒಂದು ತೋಟಾ.

"ಥೂ, ಕಳ್ಳಿ" ಎಂದಳು ಕೈಗೆ.
ತೋಟಾ ನನ್ನ ಅಂಗೈಗಿಟ್ಟು ಏಣಿ ಹತ್ತಿದಳು.
ಬೆಚ್ಚಗಿತ್ತು ಅದು, ಇನ್ನೂ ಬಂದೂಕು ಕಾಣದ್ದು.

ಎಂಟು ಕಾಗದದ ಚೂರಿಗೆ ಗೋಂದು ಸವರಿ
ಒಂದೊಂದೇ ಬೆಳಕು ಮುಚ್ಚಿದೆ.
ಫೋನು ಕರೆಯಿತು: "ಮುಂದಿನವರು."